ಮೊದಲು ಕಲಿಸಬೇಕಾದ ಇಂಗ್ಲಿಷು

ಮುಂಬೈಗೆ ಹೊಸದಾಗಿ ಬಂದ ನಮ್ಮವರಿಗೆ ಮೊದಲು ಏನು ಕಲಿಸಬೇಕು? ನಮ್ಮ ಕನ್ನಡ ಕೂಟಗಳಲ್ಲಿ ಈ ಚರ್ಚೆ ಎದ್ದಾಗಲೆಲ್ಲ ಮೂರು ಉತ್ತರ ಬರುತ್ತವೆ. ಒಬ್ಬರು ಮರಾಠಿ ಅನ್ನುತ್ತಾರೆ, ಇನ್ನೊಬ್ಬರು ಸ್ಪೋಕನ್ ಇಂಗ್ಲಿಷ್ ಅನ್ನುತ್ತಾರೆ, ಮತ್ತೊಬ್ಬರು ಕಂಪ್ಯೂಟರ್ ಅನ್ನುತ್ತಾರೆ. ಮೂರೂ ಬೇಕು, ನನ್ನ ತಕರಾರಿಲ್ಲ. ಆದರೆ ಈ ಮೂರಕ್ಕೂ ಮುಂಚೆ ಕಲಿಸಬೇಕಾದದ್ದು ಇನ್ನೊಂದಿದೆ. ಅದಕ್ಕೆ ನಾನು ಇಟ್ಟಿರುವ ಹೆಸರು "ಸ್ಟಾಪಿನ ಇಂಗ್ಲಿಷು".

ಸ್ಟಾಪು, ಸ್ಟೇಷನ್ನು, ಹಾಲ್ಟು, ಟರ್ಮಿನಸ್ಸು, ಜಂಕ್ಷನ್ನು, ಡಿಪೋ, ಫಾಸ್ಟು, ಸ್ಲೋ, ವಯಾ, ಅಪ್ಪು, ಡೌನು, ರಿಟರ್ನು, ಪಾಸು... ಎಲ್ಲ ಸೇರಿಸಿದರೂ ಮೂವತ್ತು ನಲವತ್ತು ಪದ ದಾಟುವುದಿಲ್ಲ. ಇವುಗಳಿಗೆ ವ್ಯಾಕರಣ ಬೇಡ, ಉಚ್ಚಾರಣೆಯ ತಲೆನೋವಿಲ್ಲ. ಆದರೆ ತಮಾಷೆ ನೋಡಿ, ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎಂಬತ್ತು ಅಂಕ ತೆಗೆದ ಹುಡುಗನಿಗೂ ಇವು ಗೊತ್ತಿರುವುದಿಲ್ಲ. ಪದ ಗೊತ್ತಿರುತ್ತದೆ, ಅರ್ಥ ಗೊತ್ತಿರುವುದಿಲ್ಲ. ಯಾಕೆಂದರೆ ಇವುಗಳಿಗೆ ಡಿಕ್ಷನರಿಯಲ್ಲಿ ಒಂದು ಅರ್ಥ, ಪ್ಲಾಟ್‌ಫಾರ್ಮಿನಲ್ಲಿ ಇನ್ನೊಂದು ಅರ್ಥ.

ಮೊದಲು "ಲೋಕಲ್" ಅನ್ನುವುದನ್ನೇ ತೆಗೆದುಕೊಳ್ಳಿ. ನಮ್ಮೂರಲ್ಲಿ ಲೋಕಲ್ ಅಂದರೆ ಕಡಿಮೆ ದರ್ಜೆಯದ್ದು. ಅಂಗಡಿಯವನು "ಇದು ಲೋಕಲ್ ಮಾಲು ಸಾರ್" ಅಂದರೆ ನಾವು ಕೈ ಹಿಂದೆ ತೆಗೆಯುತ್ತೇವೆ. ಮುಂಬೈಯಲ್ಲಿ ಲೋಕಲ್ ಅಂದರೆ ಊರನ್ನೇ ಹೊತ್ತು ತಿರುಗುವ ರೈಲು. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿತು. ಇಷ್ಟು ವರ್ಷಗಳಲ್ಲಿ ಈ ಊರಿನ ಜನ ಆ ಹಳಿಗಳ ಮೇಲೆ ಒಂದು ಬೇರೆಯೇ ಇಂಗ್ಲಿಷನ್ನು ಬೆಳೆಸಿದ್ದಾರೆ.

ಇನ್ನು "ಫಾಸ್ಟ್". ಶಾಲೆಯಲ್ಲಿ ಫಾಸ್ಟ್ ಅಂದರೆ ವೇಗ. ಇಲ್ಲಿ ಫಾಸ್ಟ್ ಅಂದರೆ ಕಡಿಮೆ ಕಡೆ ನಿಲ್ಲುವುದು. ಡೊಂಬಿವಲಿಯಲ್ಲಿ ಹತ್ತಿದ ಫಾಸ್ಟ್ ಲೋಕಲ್ ಠಾಣೆಯಲ್ಲಿ ನಿಂತೀತು, ಘಾಟ್ಕೋಪರ್, ಕುರ್ಲಾ, ದಾದರ್‌ಗಳಲ್ಲಿ ನಿಂತೀತು. ನಡುವಿನ ನಾಹೂರ್, ಕಾಂಜೂರ್‌ಮಾರ್ಗ್‌ನಂಥ ಸ್ಟೇಷನ್ನುಗಳ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಫಾಸ್ಟಿಗೆ ಬೇರೆ ಹಳಿ, ಸ್ಲೋಗೆ ಬೇರೆ ಹಳಿ, ಪ್ಲಾಟ್‌ಫಾರ್ಮೂ ಸಾಮಾನ್ಯವಾಗಿ ಬೇರೆ. ಸ್ಲೋ ಅಂದರೆ ಆಮೆಯ ನಡಿಗೆಯೇನಲ್ಲ, ಎಲ್ಲ ಸ್ಟೇಷನ್ನುಗಳಲ್ಲೂ ನಿಲ್ಲುತ್ತದೆ ಅಂತ ಅಷ್ಟೇ. ಒಂದು ಭಾಗ ಫಾಸ್ಟ್ ಆಗಿ ಓಡಿ ಮತ್ತೊಂದು ಭಾಗದಲ್ಲಿ ಎಲ್ಲ ಕಡೆ ನಿಲ್ಲುವುದಕ್ಕೆ ಸೆಮಿಫಾಸ್ಟ್ ಅನ್ನುವ ಹೆಸರು.

ಕೆಲವು ವರ್ಷಗಳ ಹಿಂದೆ ನಮ್ಮ ತಾಲೂಕಿನ ಹುಡುಗನೊಬ್ಬ ಡೊಂಬಿವಲಿಯ ಚಿಕ್ಕಪ್ಪನ ಮನೆಗೆ ಬಂದಿದ್ದ. ಚುರುಕು ಹುಡುಗ, ಡಿಗ್ರಿ ಆಗಿತ್ತು. ಕಾಂಜೂರ್‌ಮಾರ್ಗ್‌ನ ಒಂದು ಆಫೀಸಿನಲ್ಲಿ ಇಂಟರ್‌ವ್ಯೂ. ಪ್ಲಾಟ್‌ಫಾರ್ಮಿನಲ್ಲಿ ಯಾರನ್ನೋ ಕೇಳಿದಾಗ "ಇದು ಫಾಸ್ಟ್, ಆಮೇಲೆ ಸ್ಲೋ ಬರುತ್ತದೆ" ಅಂದರಂತೆ. ಬೇಗ ಹೋಗುವ ಗಾಡಿ ಎದುರಿಗೇ ಇರುವಾಗ ನಿಧಾನದ್ದಕ್ಕೆ ಯಾಕೆ ಕಾಯಬೇಕು? ಹತ್ತಿಬಿಟ್ಟ. ಅವನ ತರ್ಕದಲ್ಲಿ ಏನಾದರೂ ದೋಷವಿದೆಯೇ ಹೇಳಿ! ಕಾಂಜೂರ್‌ಮಾರ್ಗ್ ಹತ್ತಿರ ಬಂದಾಗ ಸಿಗ್ನಲ್ಲಿಗೋ ಏನೋ ಗಾಡಿ ಸ್ವಲ್ಪ ನಿಧಾನವಾಯಿತು. ಬೋರ್ಡು ಕಂಡಿತು. ಇವನು ಬಾಗಿಲಿಗೆ ಬಂದು ಒಂದು ಕಾಲು ಹೊರಗಿಟ್ಟ. ಪುಣ್ಯಕ್ಕೆ ಹಿಂದೆ ನಿಂತಿದ್ದ ಇಬ್ಬರು ಅಂಗಿಯ ಕಾಲರ್ ಹಿಡಿದು ಒಳಗೆಳೆದರು. ನಾಲ್ಕು ಬೈದರೂ ಘಾಟ್ಕೋಪರ್‌ನಲ್ಲಿ ಇಳಿಸಿ ವಾಪಸು ಸ್ಲೋ ಹತ್ತಿಸಿದರು. ಇಂಟರ್‌ವ್ಯೂ ತಪ್ಪಿತು, ಜೀವ ಉಳಿಯಿತು. ಸಂಜೆ ಅವನು ಕೇಳಿದ ಪ್ರಶ್ನೆ ನನಗೆ ಈಗಲೂ ನೆನಪಿದೆ: "ನಿಲ್ಲುವುದಿಲ್ಲ ಅಂತ ಹೇಳಬಹುದಿತ್ತಲ್ಲ ಮಾರಾಯ್ರೆ, ಫಾಸ್ಟ್ ಅಂತ ಯಾಕೆ ಹೇಳಿದರು?"

ಸರಿಯಾದ ಪ್ರಶ್ನೆ. ಉತ್ತರವಿಷ್ಟೇ, ಇಲ್ಲಿನವರಿಗೆ ಎರಡೂ ಒಂದೇ. ಹುಟ್ಟಿದಾಗಿನಿಂದ ಕೇಳಿದವರಿಗೆ ಅದರಲ್ಲಿ ಎರಡು ಅರ್ಥ ಇದೆ ಅನ್ನುವುದೇ ಹೊಳೆಯುವುದಿಲ್ಲ. ಅದಕ್ಕೇ ಹೇಳಿದ್ದು, ಇದನ್ನು ಹೇಳಿಕೊಡಬೇಕಾದವರು ಹೊರಗಿನಿಂದ ಬಂದು ಕಲಿತ ನಾವೇ.

"ಅಪ್" ಮತ್ತು "ಡೌನ್" ಕೂಡ ಹೀಗೆಯೇ. ಕರಾವಳಿಯಲ್ಲಿ ಬೆಳೆದ ನಮಗೆ ಮೇಲೆ ಹೋಗುವುದು ಅಂದರೆ ಘಟ್ಟ ಹತ್ತುವುದು, ಕೆಳಗೆ ಬರುವುದು ಅಂದರೆ ಸಮುದ್ರದ ಕಡೆಗೆ ಇಳಿಯುವುದು. ಮುಂಬೈಯಲ್ಲಿ ಸಮುದ್ರದ ಕಡೆಗೆ, ಅಂದರೆ ಸಿ.ಎಸ್.ಎಂ.ಟಿ. ಅಥವಾ ಚರ್ಚ್‌ಗೇಟ್ ಕಡೆಗೆ ಹೋಗುವುದು ಅಪ್. ಅಲ್ಲಿಂದ ಹೊರಗೆ ಕಲ್ಯಾಣ, ವಿರಾರ್ ಕಡೆಗೆ ಹೋಗುವುದು ಡೌನ್. ಏರು ತಗ್ಗಿಗೂ ಇದಕ್ಕೂ ಸಂಬಂಧವೇ ಇಲ್ಲ, ರೈಲ್ವೆಯ ಲೆಕ್ಕದಲ್ಲಿ ಮುಖ್ಯ ಸ್ಥಳದ ಕಡೆಗೆ ಹೋದರೆ ಅಪ್. "ಡೌನ್ ಗಾಡಿ ಲೇಟು" ಅಂತ ಪಕ್ಕದವನು ಹೇಳಿದರೆ ನನಗೆ ಬೇಕಾದ್ದೋ ಬೇಡವಾದದ್ದೋ ಎಂದು ತಿಳಿಯಲು ಇಷ್ಟು ಗೊತ್ತಿರಬೇಕು. ಇದರ ಮೇಲೆ ಇಂಡಿಕೇಟರಿನ ಅಕ್ಷರಗಳು ಬೇರೆ. ಸೆಂಟ್ರಲ್ ಲೈನಿನಲ್ಲಿ ಕೆ ಅಂದರೆ ಕಲ್ಯಾಣ, ಟಿ ಅಂದರೆ ಠಾಣೆ, ಅಷ್ಟು ಊಹಿಸಬಹುದು. ಆದರೆ ಕರ್ಜತ್ ಗಾಡಿಗೆ ಎಸ್, ಕಸಾರಾ ಗಾಡಿಗೆ ಎನ್! ಹೇಳಿಕೊಡದೆ ಯಾವ ಬುದ್ಧಿವಂತನಿಗೆ ತಿಳಿದೀತು?

ನಾನು ಓದಿದ್ದು ಬಿ.ಕಾಂ., ಕೆಲಸ ಬ್ಯಾಂಕಿನಲ್ಲಿ. ಹಾಗಾಗಿ ಕೆಲವು ಪದಗಳು ನನ್ನನ್ನು ನಗಿಸುತ್ತವೆ. ಬೆಸ್ಟ್ ಬಸ್ಸಿನ ಮೇಲೆ "ಲಿಮಿಟೆಡ್" ಅಂತ ಬರೆದಿರುತ್ತದೆ. ಕಾಮರ್ಸ್ ಓದಿದವರಿಗೆ ಲಿಮಿಟೆಡ್ ಅಂದರೆ ಷೇರುದಾರರ ಹೊಣೆ ಸೀಮಿತ. ಬಸ್ಸಿನ ಮಟ್ಟಿಗೆ ಸೀಮಿತವಾಗಿರುವುದು ನಿಲುಗಡೆಗಳು. "ದಿಸ್ ಟ್ರೈನ್ ಟರ್ಮಿನೇಟ್ಸ್ ಹಿಯರ್" ಎಂದರೆ ನೌಕರಿಯಲ್ಲಿರುವ ಯಾರಿಗಾದರೂ ಎದೆ ಧಸಕ್ಕೆನ್ನಬೇಕು, ಆದರೆ ಗಾಡಿ ಮುಂದೆ ಹೋಗುವುದಿಲ್ಲ, ಇಳಿಯಿರಿ ಅಂತ ಅಷ್ಟೇ. "ಬೋರ್ಡ್" ಅಂದರೆ ಹಲಗೆ, ಪರೀಕ್ಷಾ ಮಂಡಳಿ, ಕಂಪನಿಯ ನಿರ್ದೇಶಕರು. ರೈಲ್ವೆಯಲ್ಲಿ ಮಾತ್ರ ಅದು ಹತ್ತುವುದು. ಇಳಿಯುವುದಕ್ಕೆ "ಅಲೈಟ್" ಅನ್ನುವ ಪದ. ಮುಂಬೈಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬ ಪ್ರಯಾಣಿಕನ ಬಾಯಲ್ಲೂ ನಾನು ಆ ಪದ ಕೇಳಿಲ್ಲ. ಎಲ್ಲರೂ "ಉತರ್‌ನಾ ಹೈ ಕ್ಯಾ?" ಅನ್ನುತ್ತಾರೆ. ಆದರೂ ಎಚ್ಚರಿಕೆಯ ಬೋರ್ಡುಗಳಲ್ಲಿ ಅಲೈಟ್ ಇನ್ನೂ ಉಳಿದುಕೊಂಡಿದೆ. ಜನ ಆಡದ ಪದದಲ್ಲಿ ಜನರಿಗೆ ಎಚ್ಚರಿಕೆ!

ಈಗ "ಟರ್ಮಿನಸ್". ಇದು ನಮ್ಮವರನ್ನು ಅತಿ ಹೆಚ್ಚು ಗೋಳಾಡಿಸಿದ ಪದ. ಮಂಗಳೂರಿನ ಮತ್ಸ್ಯಗಂಧಾ ಹೊರಡುವುದು ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ. ಹಳೆಯ ಜನ ಅದನ್ನು ಈಗಲೂ ಕುರ್ಲಾ ಟರ್ಮಿನಸ್ ಅನ್ನುತ್ತಾರೆ, ಆತುರದಲ್ಲಿ ಬರೀ ಕುರ್ಲಾ ಅನ್ನುತ್ತಾರೆ. ಲೋಕಲ್ ನಿಲ್ಲುವ ಕುರ್ಲಾ ಸ್ಟೇಷನ್ನೇ ಬೇರೆ, ಟರ್ಮಿನಸ್ಸೇ ಬೇರೆ. ಟರ್ಮಿನಸ್ಸಿಗೆ ಹತ್ತಿರದ ಲೋಕಲ್ ಸ್ಟೇಷನ್ನು ಹಾರ್ಬರ್ ಲೈನಿನ ತಿಲಕ್ ನಗರ. "ಕುರ್ಲಾದಲ್ಲಿ ಇಳಿದರೆ ಆಯಿತು" ಅಂತ ನಂಬಿ, ಸಾಮಾನು ಸರಂಜಾಮು, ಮಕ್ಕಳು, ಮುದುಕರೊಂದಿಗೆ ಕುರ್ಲಾ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ರಿಕ್ಷಾ ಸಿಗದೆ ಒದ್ದಾಡಿ, ಕಣ್ಣೆದುರು ಗಾಡಿ ತಪ್ಪಿಸಿಕೊಂಡ ಕುಟುಂಬಗಳು ಎಷ್ಟೋ. ಬಾಂದ್ರಾದಲ್ಲೂ ಇದೇ ಕತೆ. ಸ್ಟೇಷನ್ನು ಬೇರೆ, ಟರ್ಮಿನಸ್ಸು ಬೇರೆ. ಒಂದು ಪದ ಬಿಟ್ಟರೆ ಒಂದು ಗಾಡಿ ತಪ್ಪುತ್ತದೆ. ಮೇ ತಿಂಗಳ ರಜೆಯಲ್ಲಿ ತಿಂಗಳುಗಟ್ಟಲೆ ಮೊದಲೇ ಮಾಡಿಸಿದ ರಿಸರ್ವೇಷನ್ ಹೋದರೆ ಮತ್ತೆ ಸಿಗುತ್ತದೆಯೇ?

"ವಯಾ" ಕೂಡ ಹಾಗೆ ಪುಟ್ಟ ಪದ, ದೊಡ್ಡ ಪರಿಣಾಮ. ಲ್ಯಾಟಿನ್‌ನಲ್ಲಿ ವಯಾ ಅಂದರೆ ದಾರಿ. ಉದ್ಯಾನ್ ಎಕ್ಸ್‌ಪ್ರೆಸ್ ಮುಂಬೈಯಿಂದ ಬೆಂಗಳೂರಿಗೆ ಹೋಗುವುದು ಸೋಲಾಪುರ, ಕಲಬುರಗಿ ಮೇಲೆ. ಹುಬ್ಬಳ್ಳಿಯವನು "ಬೆಂಗಳೂರಿಗೆ ಹೋಗುವ ಗಾಡಿ, ನಡುವೆ ನಮ್ಮೂರು ಬಂದೇ ಬರುತ್ತದೆ" ಅಂತ ಅದನ್ನು ಹತ್ತಿದರೆ ಅವನ ಗತಿಯೇನು? ಹೊರಡುವ ಊರು, ಸೇರುವ ಊರು ಎರಡನ್ನೇ ಕೇಳಿದರೆ ಸಾಲದು, ವಯಾ ಕೇಳಬೇಕು.

ಟಿಕೇಟಿನ ಪದಗಳಿಗೆ ದುಡ್ಡಿನ ಲೆಕ್ಕವೂ ಉಂಟು. ರಿಟರ್ನ್ ಅಂದರೆ ಕೌಂಟರಿನಲ್ಲಿ ಹೋಗಿ ಬರುವ ಟಿಕೇಟು. ಪ್ಲಾಟ್‌ಫಾರ್ಮಿನಲ್ಲಿ ರಿಟರ್ನ್ ಅಂದರೆ ಬೇರೆಯೇ ಒಂದು ವಿದ್ಯೆ. ಸೀಟು ಹಿಡಿಯಲು ಗಾಡಿ ಹೊರಡುವ ಜಾಗದ ಕಡೆಗೇ ಉಲ್ಟಾ ಪ್ರಯಾಣ ಮಾಡಿ, ಅದೇ ಗಾಡಿಯಲ್ಲಿ ಕೂತು ವಾಪಸು ಬರುವುದು. ಮೂವರ ಸೀಟಿನ ತುದಿಯಲ್ಲಿ ಅರ್ಧ ಕೂರುವ ನಾಲ್ಕನೆಯವನ ಜಾಗಕ್ಕೆ "ಫೋರ್ತ್ ಸೀಟ್". ಇವೆಲ್ಲ ತಮಾಷೆ ಅನ್ನಿ. ಆದರೆ "ಫಸ್ಟ್ ಕ್ಲಾಸ್" ತಮಾಷೆಯಲ್ಲ. ಲೋಕಲಿನ ಫಸ್ಟ್ ಕ್ಲಾಸ್ ಬೋಗಿಯನ್ನು ಹೊರಗಿನಿಂದ ನೋಡಿದರೆ ಬಣ್ಣದ ಪಟ್ಟೆ ಬಿಟ್ಟು ಹೊಸಬನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸಾಮಾನ್ಯ ಟಿಕೇಟು ಹಿಡಿದು ಹತ್ತಿದರೆ ಟಿ.ಸಿ. ಹಿಡಿದು ವ್ಯತ್ಯಾಸದ ದರದ ಮೇಲೆ ಕನಿಷ್ಠ 250 ರೂಪಾಯಿ ವಸೂಲಿ ಮಾಡುತ್ತಾರೆ. 2017ರ ಡಿಸೆಂಬರ್‌ನಿಂದ ಎ.ಸಿ. ಲೋಕಲುಗಳೂ ಸೇರಿಕೊಂಡಿವೆ, ಅವಕ್ಕೂ ಸಾಮಾನ್ಯ ಟಿಕೇಟು ನಡೆಯುವುದಿಲ್ಲ. ದಿನಗೂಲಿಗೆ ಬಂದವನಿಗೆ 250 ರೂಪಾಯಿ ಅಂದರೆ ಅರ್ಧ ದಿನದ ದುಡಿಮೆ. ಪದದ ಅರ್ಥ ಗೊತ್ತಿಲ್ಲದಿದ್ದುದಕ್ಕೆ ಕಟ್ಟುವ ದಂಡ ಇದು.

ಊರಿನ ರೈಲಿನಲ್ಲಿ ಬೇರೆ ಪದಗಳು. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ನಮ್ಮ ತಾಯಂದಿರೆಲ್ಲ ಎರಡು ಹೊಸ ಇಂಗ್ಲಿಷ್ ಪದ ಕಲಿತರು: "ಕ್ರಾಸಿಂಗ್" ಮತ್ತು "ಔಟರ್". ಆ ಮಾರ್ಗದ ಬಹುಭಾಗ ಒಂದೇ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ನಮ್ಮದು ನಿಂತರೆ ಅದು ಕ್ರಾಸಿಂಗ್. ಸ್ಟೇಷನ್ನಿನ ಹೊರಗೆ ಸಿಗ್ನಲ್ಲಿಗೆ ಕಾದು ನಿಂತರೆ ಅದು ಔಟರ್. ಎರಡೂ ಕಡೆ ಗಾಡಿ ನಿಂತಿದೆ, ಆದರೆ ಅದು ನಿಲ್ದಾಣವಲ್ಲ, ಇಳಿಯಬಾರದು. ಮನೆಗೆ ಫೋನ್ ಮಾಡಿ "ಔಟರ್‌ನಲ್ಲಿ ಇದ್ದೇವೆ, ಅನ್ನಕ್ಕಿಡಿ" ಅನ್ನುವ ಅಜ್ಜಿಯನ್ನು ನಾನು ಕಂಡಿದ್ದೇನೆ. ಆ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಹೇಳುವ ಧೈರ್ಯ ಯಾರಿಗಿದೆ?

ಹಾಗೆಯೇ ಭಾನುವಾರದ "ಮೆಗಾ ಬ್ಲಾಕ್". ಹಳಿ ರಿಪೇರಿಗೆ ಕೆಲವು ಗಂಟೆ ಒಂದು ಭಾಗದ ಗಾಡಿಗಳನ್ನು ನಿಲ್ಲಿಸುವುದು ಅಥವಾ ಬೇರೆ ಹಳಿಗೆ ತಿರುಗಿಸುವುದು. ವೆಸ್ಟರ್ನ್ ಲೈನಿನವರು ಇದಕ್ಕೆ ಜಂಬೋ ಬ್ಲಾಕ್ ಅನ್ನುತ್ತಾರೆ. ನಮ್ಮ ಸಂಘಗಳ ಯಕ್ಷಗಾನ, ತಾಳಮದ್ದಳೆ, ವಾರ್ಷಿಕೋತ್ಸವ ಎಲ್ಲ ಭಾನುವಾರವೇ ಆದ್ದರಿಂದ ಮುಂಬೈ ಕನ್ನಡಿಗರ ಸಾಂಸ್ಕೃತಿಕ ಇತಿಹಾಸದಲ್ಲಿ ಈ ಪದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬಹುದು.

ಇಷ್ಟು ಹೇಳಿದಾಗ ಕೆಲವು ಮಿತ್ರರು ಹುಬ್ಬು ಗಂಟಿಕ್ಕುತ್ತಾರೆ. "ಕನ್ನಡ ಸಂಘದಲ್ಲಿ ಇಂಗ್ಲಿಷ್ ಪದ ಕಲಿಸುವುದೇ? ನಿಲ್ದಾಣ, ತಂಗುದಾಣ ಅಂತ ಅಚ್ಚಗನ್ನಡ ಇಲ್ಲವೇ?" ಇದೆ ಸ್ವಾಮಿ, ಮತ್ತು ಒಳ್ಳೆಯದಿದೆ. ನಿಲ್ ಮತ್ತು ತಾಣ ಸೇರಿ ನಿಲ್ದಾಣ, ತಂಗು ಮತ್ತು ತಾಣ ಸೇರಿ ತಂಗುದಾಣ. ಬಸ್ಸು ನಿಲ್ಲುವ ಜಾಗ ಒಂದು, ಜನ ಮಳೆಗೆ ಬಿಸಿಲಿಗೆ ತಂಗುವ ಜಾಗ ಇನ್ನೊಂದು ಎಂಬ ಭೇದವೂ ಅದರಲ್ಲಿದೆ. ನಮ್ಮ ಸರ್ಕಾರಿ ಬಸ್ಸುಗಳ "ಕೋರಿಕೆ ನಿಲುಗಡೆ" ಅನ್ನುವುದಂತೂ ನನಗೆ ಬಹಳ ಇಷ್ಟ. ಇಂಗ್ಲಿಷಿನ ರಿಕ್ವೆಸ್ಟ್ ಸ್ಟಾಪಿಗಿಂತ ಅದರಲ್ಲಿ ಹೆಚ್ಚು ಮರ್ಯಾದೆ ಇದ್ದಂತೆ ಕಾಣುತ್ತದೆ.

ಇವಕ್ಕಿಂತಲೂ ಚೆಂದದ್ದು ಯಾವ ಸಮಿತಿಯ ಹಂಗೂ ಇಲ್ಲದೆ ದಾರಿಹೋಕರು ಕಟ್ಟಿದ ಪದಗಳು. ದಾರಿ ಕವಲೊಡೆಯುವಲ್ಲಿ ಯಾವ ಊರು ಯಾವ ಕಡೆ ಅಂತ ಕೈ ತೋರಿಸುವ ಕಂಬ ನೆಡುತ್ತಿದ್ದರು. ಇಂಗ್ಲಿಷಿನಲ್ಲಿ ಹ್ಯಾಂಡ್‌ಪೋಸ್ಟ್. ದಕ್ಷಿಣ ಕನ್ನಡದಲ್ಲಿ ಅದು ಕೈಕಂಬ ಆಯಿತು, ಗುರುಪುರ ಕೈಕಂಬ, ಬಿ.ಸಿ. ರೋಡ್ ಕೈಕಂಬ ಅಂತ ಊರ ಹೆಸರೇ ಆಗಿ ನಿಂತಿತು. ಚಿಕ್ಕಮಗಳೂರಿನ ಹತ್ತಿರ ಅದೇ ಕೈಮರ. ಮೈಸೂರು ಸೀಮೆಯ ಹೆಗ್ಗಡದೇವನಕೋಟೆ ಕಡೆ ಇಂಗ್ಲಿಷಿನಲ್ಲೇ ಉಳಿದು ಹ್ಯಾಂಡ್‌ಪೋಸ್ಟ್. ಒಂದೇ ಕಂಬ, ಮೂರು ಹೆಸರು, ಮೂರೂ ಈಗ ಕನ್ನಡದವೇ. ಇನ್ನು ಬಿ.ಸಿ. ರೋಡು ಅಂದರೆ ಬಂಟ್ವಾಳ ಕ್ರಾಸ್ ರೋಡು. ಅದನ್ನು ಬಿಡಿಸಿ ಹೇಳಿದರೆ ಅಲ್ಲಿಯವರೇ ಒಂದು ಕ್ಷಣ ಯೋಚಿಸುತ್ತಾರೆ. ಮಂಗಳೂರಿನ ಸಿಟಿ ಬಸ್ಸುಗಳ ಕೊನೆಯ ನಿಲ್ದಾಣದ ಹೆಸರು "ಸ್ಟೇಟ್ ಬ್ಯಾಂಕ್". ಹಣ ಕಟ್ಟಲಿಕ್ಕಲ್ಲ, ಮೀನು ತರಲಿಕ್ಕೂ ಜನ ಸ್ಟೇಟ್ ಬ್ಯಾಂಕಿಗೇ ಹೋಗುತ್ತಾರೆ. ಬೆಂಗಳೂರಿನ ಮೆಜೆಸ್ಟಿಕ್ ಒಂದು ಸಿನಿಮಾ ಟಾಕೀಸಿನ ಹೆಸರು. ಟಾಕೀಸು ಹೋಯಿತು, ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು, ಕಂಡಕ್ಟರ್ ಮಾತ್ರ ಇವತ್ತಿಗೂ "ಮೆಜೆಸ್ಟಿಕ್, ಮೆಜೆಸ್ಟಿಕ್" ಅಂತಲೇ ಕೂಗುವುದು. ಅದೇ ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನಿನ ಕನ್ನಡ ಹೆಸರು ನೋಡಿ, ದಂಡು. ಎಷ್ಟು ಚಿಕ್ಕದು, ಎಷ್ಟು ಗಟ್ಟಿ!

ಇದರಿಂದ ನನಗೆ ತಿಳಿಯುವುದು ಇಷ್ಟು. ಪ್ರಯಾಣದ ಪದಕ್ಕೆ ಜಾತಿ ಇಲ್ಲ, ಕೆಲಸ ಇದೆ. ಇಳಿಯಬೇಕಾದ ಕಡೆ ಇಳಿಸಿದರೆ ಅದು ಒಳ್ಳೆಯ ಪದ. ಇಂಗ್ಲಿಷೂ ಇದೇ ಮಾಡಿತಲ್ಲ? ಬಸ್ ಎನ್ನುವುದು ಓಮ್ನಿಬಸ್ ಎಂಬ ಲ್ಯಾಟಿನ್ ಪದದ ಬಾಲ, ಎಲ್ಲರಿಗೂ ಎಂದು ಅರ್ಥ. ಡಿಪೋ ಫ್ರೆಂಚಿನದು. ಟರ್ಮಿನಸ್ ಲ್ಯಾಟಿನ್, ಗಡಿ ಅಂತ. ಮರಾಠಿಯವರು ಪ್ಲಾಟ್‌ಫಾರ್ಮನ್ನು ತಿರುಗಿಸಿ "ಫಲಾಟ್" ಮಾಡಿಕೊಂಡರು, ಡಿಪೋಗೆ "ಆಗಾರ್" ಅಂತ ತಮ್ಮದನ್ನೇ ಇಟ್ಟುಕೊಂಡರು. ಎರಡೂ ಸರಿ. ನಮ್ಮ ಮೆಟ್ರೋ 2011ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಬೆಂಗಳೂರಿಗೆ ಹೋದಾಗ "ಮುಂದಿನ ನಿಲ್ದಾಣ" ಅಂತ ಅಪರ್ಣಾ ಅವರ ದನಿ ಕೇಳಿದರೆ ನಮ್ಮಂಥ ಹೊರನಾಡಿನವರ ಕಿವಿ ತಂಪಾಗುತ್ತಿತ್ತು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಎಷ್ಟು ಜನ ಆ ಎರಡು ಪದಗಳನ್ನೇ ನೆನೆದರು! ನಿಲ್ದಾಣ ಅನ್ನುವ ಪದ ಪುಸ್ತಕದಿಂದ ಇಳಿದು ಜನರ ಕಿವಿಗೆ ಹತ್ತಿರವಾಗಿದ್ದು ಹಾಗೆ. ಕೇಳುತ್ತಾ ಹೋದರೆ ಯಾವ ಪದವಾದರೂ ನಮ್ಮದಾಗುತ್ತದೆ.

ಇನ್ನೊಂದು ಕಡೆಯವರೂ ಇದ್ದಾರೆ. ಇವರು ಕಂಡಕ್ಟರನ ಇಂಗ್ಲಿಷಿಗೆ ನಗುವವರು. "ಹೋಲ್ಡಾನ್" ಅಂದರೆ ಬಸ್ಸು ನಿಲ್ಲುತ್ತದೆ, "ರೈಟ್" ಅಂದರೆ ಹೊರಡುತ್ತದೆ, ನಮ್ಮ ಕಡೆ "ರೈಟ್ ಪೋಯಿ" ಅಂದರೆ ತುಳು ಇಂಗ್ಲಿಷು ಕೂಡಿಕೊಂಡು ಹೊರಡುತ್ತದೆ. ಬೆಸ್ಟ್ ಬಸ್ಸಿನಲ್ಲಿ ಅಷ್ಟೂ ಇಲ್ಲ, ಗಂಟೆಯ ಹಗ್ಗ ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೊರಡು. ಇದಕ್ಕಿಂತ ಸ್ಪಷ್ಟ ಭಾಷೆ ಬೇಕೇ? ಕಾನ್ವೆಂಟ್ ಇಂಗ್ಲಿಷ್ ಮಾತಾಡುವವರೂ ಆ ಹೋಲ್ಡಾನ್ ನಂಬಿಯೇ ಫುಟ್‌ಬೋರ್ಡಿನಿಂದ ಕಾಲು ಕೆಳಗಿಡುವುದು. ನಗುವುದರಿಂದ ಆಗುವ ನಷ್ಟ ದೊಡ್ಡದು. ನಗುತ್ತಾರೆಂಬ ಹೆದರಿಕೆಗೆ ಹೊಸಬ ಬಾಯಿ ಬಿಟ್ಟು ಕೇಳುವುದಿಲ್ಲ. ಕೇಳದವನು ಊಹೆಯ ಮೇಲೆ ಹತ್ತುತ್ತಾನೆ. ನಮ್ಮ ಹುಡುಗ ಕಾಲು ಹೊರಗಿಟ್ಟದ್ದು ಅಂಥ ಊಹೆಯ ಮೇಲೆಯೇ.

ಪದ ತಪ್ಪಿದರೆ ಏನಾಗಬಹುದು ಅನ್ನುವುದಕ್ಕೆ ಇಡೀ ದೇಶ ಕಂಡ ಒಂದು ಉದಾಹರಣೆ ಇದೆ. 2025ರ ಫೆಬ್ರವರಿ 15ರ ರಾತ್ರಿ ನವದೆಹಲಿ ಸ್ಟೇಷನ್ನಿನಲ್ಲಿ ಕುಂಭಮೇಳಕ್ಕೆ ಹೊರಟವರ ನೂಕುನುಗ್ಗಲಾಗಿ 18 ಜನ ಸತ್ತರು. ಪ್ರಯಾಗರಾಜ್ ಸ್ಪೆಷಲ್, ಪ್ರಯಾಗರಾಜ್ ಎಕ್ಸ್‌ಪ್ರೆಸ್ ಎಂದು ಹೆಸರು ಹತ್ತಿರ ಹತ್ತಿರ ಇದ್ದ ಗಾಡಿಗಳ ಘೋಷಣೆಯಿಂದ ಜನರಿಗೆ ಗೊಂದಲವಾಯಿತು, ತಮ್ಮ ಗಾಡಿ ಬೇರೆ ಪ್ಲಾಟ್‌ಫಾರ್ಮಿಗೆ ಬಂತೆಂದು ತಿಳಿದರು ಎಂದು ದೆಹಲಿ ಪೊಲೀಸರು ಆಗ ಹೇಳಿದ್ದರು. ಮೆಟ್ಟಿಲಿನಲ್ಲಿ ಒಬ್ಬರ ತಲೆಯ ಮೇಲಿನ ದೊಡ್ಡ ಗಂಟು ಬಿದ್ದದ್ದರಿಂದ ದುರಂತ ಶುರುವಾಯಿತು ಎಂದು ರೈಲ್ವೆ ಸಚಿವರು ಆಮೇಲೆ ಸಂಸತ್ತಿಗೆ ತಿಳಿಸಿದರು. ಕಾರಣದ ಬಗ್ಗೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಗಂಟುಮೂಟೆ ಹೊತ್ತ ಹಳ್ಳಿಯ ಮನುಷ್ಯನ ಜಾಗದಲ್ಲಿ ನಿಂತು ಯೋಚಿಸಿ. ಅವನಿಗೆ ಸ್ಪೆಷಲ್ ಅಂದರೇನು, ಎಕ್ಸ್‌ಪ್ರೆಸ್ ಅಂದರೇನು? ಅವನ ಕಿವಿಗೆ ಬೀಳುವುದು ಪ್ರಯಾಗರಾಜ್ ಒಂದೇ. ಆ ಊರಿನ ಹೆಸರು ಕೇಳಿದ ಕಡೆಗೆ ಅವನು ಓಡುತ್ತಾನೆ. ನಾನಾಗಿದ್ದರೂ ಓಡುತ್ತಿದ್ದೆ.

ಹಾಗಾಗಿ ಸಾರಿಗೆ ನಡೆಸುವವರಲ್ಲಿ ನನ್ನ ಕೋರಿಕೆ ಎರಡು. ಮೊದಲನೆಯದು, ಬೋರ್ಡಿನ ಮೇಲೂ ಮೈಕಿನಲ್ಲೂ ಜನ ಆಡುವ ಪದ ಇರಲಿ. "ಫಾಸ್ಟ್ ಲೋಕಲ್" ಅಂದರೆ ಸಾಲದು, ನಡುವೆ ಎಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಪ್ರತಿ ಸಲ ಬಿಡಿಸಿ ಹೇಳಿ. ಎರಡನೆಯದು, ಹೆಸರು ಬದಲಾಯಿಸಿದಾಗ ಹಳೆಯದನ್ನು ಒಂದೇ ದಿನದಲ್ಲಿ ಒರೆಸಿ ಹಾಕಬೇಡಿ. ವಿಕ್ಟೋರಿಯಾ ಟರ್ಮಿನಸ್ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ಅದಕ್ಕೆ ಮಹಾರಾಜ್ ಸೇರಿತು. ಎಲ್ಫಿನ್‌ಸ್ಟನ್ ರೋಡ್ 2018ರಲ್ಲಿ ಪ್ರಭಾದೇವಿ ಆಯಿತು. ಶಿವಾಜಿ ಮಹಾರಾಜರ ಹೆಸರಿಗೆ, ದೇವಿಯ ಹೆಸರಿಗೆ ಯಾರ ಆಕ್ಷೇಪ? ಆದರೆ ಜನರ ಬಾಯಲ್ಲಿ ಈಗಲೂ "ವೀಟಿ" ಇದೆ. ವೀಟಿಗೆ ಬಾ ಅಂತ ಮಾವ ಹೇಳುತ್ತಾನೆ, ವೀಟಿ ಅನ್ನುವ ಬೋರ್ಡು ಎಲ್ಲೂ ಇಲ್ಲದೆ ಅಳಿಯ ಕಕ್ಕಾಬಿಕ್ಕಿಯಾಗುತ್ತಾನೆ. ಹೊಸ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಳೆಯ ಹೆಸರು ಇನ್ನೊಂದಿಷ್ಟು ವರ್ಷ ಇದ್ದರೆ ಯಾರ ಗೌರವ ಕಡಿಮೆಯಾಗುತ್ತದೆ? ಬ್ಯಾಂಕುಗಳು ವಿಲೀನವಾದಾಗ ನಾವೂ ಹಳೆಯ ಹೆಸರನ್ನು ಬ್ರಾಂಚಿನ ಬೋರ್ಡಿನಲ್ಲಿ ಕೆಲವು ಕಾಲ ಉಳಿಸಿಕೊಳ್ಳುತ್ತೇವೆ, ಗಿರಾಕಿ ಹೆದರಿ ಓಡಬಾರದು ಅಂತ.

ಆದರೆ ರೈಲ್ವೆ ನಮ್ಮ ಮಾತು ಕೇಳುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಒಂದು ಕಾಲದಲ್ಲಿ ಈ ಊರಿನಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆಯುತ್ತಿದ್ದವು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಅಲ್ಲಿ ಅಕ್ಷರ ಕಲಿತರು. ಅವರಲ್ಲಿ ಎಷ್ಟೋ ಜನ ಮುಂದೆ ಬ್ಯಾಂಕಿಗೆ ಬಂದರು, ವಕೀಲರಾದರು, ಸ್ವಂತ ಹೋಟೆಲಿಟ್ಟರು. ಆ ಶಾಲೆಗಳನ್ನು ಕಟ್ಟಿದವರಿಗೆ, ಹೊಸಬನಿಗೆ ತಕ್ಷಣ ಏನು ಬೇಕು ಅನ್ನುವುದು ಗೊತ್ತಿತ್ತು. ಇವತ್ತು ಸಂಘಗಳಲ್ಲಿ ಸನ್ಮಾನಕ್ಕೆ ಹಾರ, ಶಾಲು, ಹಣ್ಣಿನ ಬುಟ್ಟಿ ತಪ್ಪುವುದಿಲ್ಲ. ಆ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೆ ಒಂದು ಹಾಳೆಯ ಎರಡು ಮಗ್ಗುಲಿನಲ್ಲಿ ಈ ಮೂವತ್ತು ನಲವತ್ತು ಪದ ಅಚ್ಚು ಹಾಕಿಸಬಹುದು. ಎಡಕ್ಕೆ ಪದ, ಬಲಕ್ಕೆ ಪ್ಲಾಟ್‌ಫಾರ್ಮಿನ ಅರ್ಥ, ಸರಳ ಕನ್ನಡದಲ್ಲಿ. ಫಾಸ್ಟ್: ಎಲ್ಲ ಕಡೆ ನಿಲ್ಲುವುದಿಲ್ಲ, ಹತ್ತುವ ಮುಂಚೆ ನಿಮ್ಮ ಸ್ಟೇಷನ್ ಹೇಳಿ ಕೇಳಿ. ಟರ್ಮಿನಸ್: ದೂರದ ಗಾಡಿ ಹೊರಡುವ ಜಾಗ, ಅದೇ ಹೆಸರಿನ ಲೋಕಲ್ ಸ್ಟೇಷನ್ ಬೇರೆ ಇರಬಹುದು. ಔಟರ್: ಗಾಡಿ ನಿಂತರೂ ಇಳಿಯಬಾರದು. ಫಸ್ಟ್ ಕ್ಲಾಸ್: ಬೇರೆ ಟಿಕೇಟು ಬೇಕು. ಹೀಗೆ. ಊರಿನಿಂದ ಬರುವವರಿಗೆ ಮೊಬೈಲಿನಲ್ಲೂ ಕಳಿಸಬಹುದು, ಗಾಡಿ ಹತ್ತುವ ಮುಂಚೆಯೇ.

ಸಂಘ ಮಾಡದಿದ್ದರೆ ಮನೆಯಲ್ಲಿ ಮಾಡಿ. ಊರಿನಿಂದ ಅಮ್ಮ ಬಂದರೆ ಸಿದ್ಧಿವಿನಾಯಕ, ಮಹಾಲಕ್ಷ್ಮಿ ತೋರಿಸುತ್ತೇವೆ, ಸಮುದ್ರ ತೋರಿಸುತ್ತೇವೆ. ಒಂದು ಮಧ್ಯಾಹ್ನ, ಗದ್ದಲ ಇಲ್ಲದ ಹೊತ್ತಿನಲ್ಲಿ, ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಇಂಡಿಕೇಟರ್ ತೋರಿಸಿ. ಇದು ಸ್ಲೋ ಅಮ್ಮ, ಇದು ನಮ್ಮದು, ಅದು ಫಾಸ್ಟ್, ಅದು ನಮ್ಮಲ್ಲಿ ನಿಲ್ಲುವುದಿಲ್ಲ ಅಂತ ಹೇಳಿಕೊಡಿ. ನಮ್ಮ ನೆರೆಮನೆಯ ಎಪ್ಪತ್ತು ದಾಟಿದ ಹೆಂಗಸೊಬ್ಬರು ಹೀಗೆ ಕಲಿತು ಈಗ ಒಬ್ಬರೇ ಠಾಣೆಯ ಮಗಳ ಮನೆಗೆ ಹೋಗಿ ಬರುತ್ತಾರೆ. ಮೊದಲು ಮಗ ರಜೆ ಹಾಕುವವರೆಗೆ ಕಾಯುತ್ತಿದ್ದರು. ಅವರು ಕಲಿತದ್ದು ಆರೇಳು ಪದ. ಅಷ್ಟರಿಂದ ಅವರಿಗೆ ಸಿಕ್ಕಿದ್ದು ಮಗಳ ಮನೆ.

ನಿಮ್ಮ ಊರಿನಲ್ಲೂ ಇಂಥ ಪದಗಳಿರುತ್ತವೆ. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲ ಕಡೆ ಬಸ್ಸಿನ, ರೈಲಿನ ಇಂಗ್ಲಿಷಿಗೆ ಅಲ್ಲಲ್ಲಿನ ಅರ್ಥ. ಹೊಸಬರನ್ನು ದಾರಿ ತಪ್ಪಿಸುವ ಪದಗಳು ಯಾವುವು ಅಂತ ನೀವೂ ಒಂದು ಪಟ್ಟಿ ಮಾಡಿ ನೋಡಿ. ಮುಂದಿನ ತಿಂಗಳು ಊರಿನಿಂದ ಬರುವ ಯಾರಿಗಾದರೂ ಅದು ಬೇಕಾದೀತು.